ಗಡಿ ದಾಟದ ಸಾಕ್ಷ್ಯ

ನಾವು ವಾಸಿಸುವ ಮೈಸೂರಿನ ಕುವೆಂಪುನಗರದಲ್ಲಿ ಒಂದು ರಸ್ತೆಗೆ ಪಂಚಮಂತ್ರ ರಸ್ತೆ ಎಂದು ಹೆಸರು, ಇನ್ನೊಂದಕ್ಕೆ ವಿಶ್ವಮಾನವ ಜೋಡಿ ರಸ್ತೆ ಎಂದು. ಮನುಜಮತ, ವಿಶ್ವಪಥ, ಸರ್ವೋದಯ, ಸಮನ್ವಯ, ಪೂರ್ಣದೃಷ್ಟಿ ಎಂಬ ಐದು ಮಾತುಗಳನ್ನು ಕುವೆಂಪು ನಾಡಿಗೆ ಕೊಟ್ಟರು. ಬಡಾವಣೆಗೆ ಕವಿಯ ಹೆಸರಿಟ್ಟವರು ರಸ್ತೆಗಳಿಗೆ ಅವರ ಮಾತನ್ನೂ ಇಟ್ಟರು. ಈ ಐದರಲ್ಲಿ ವಿಶ್ವಪಥ ಎಂಬುದು ಬಹುಕಾಲ ನಮಗೆ ಆದರ್ಶದ ಮಾತಾಗಿಯೇ ಕೇಳಿಸುತ್ತಿತ್ತು. ಈಗ ಅದು ಮನೆಯೊಳಗೇ ಹಾದು ಹೋಗುತ್ತಿದೆ. ಇಲ್ಲಿ ನಿವೃತ್ತರು ಬಹಳ. ಬ್ಯಾಂಕು, ವಿಶ್ವವಿದ್ಯಾನಿಲಯ, ಸರಕಾರಿ ಕಚೇರಿಗಳಲ್ಲಿ ದುಡಿದು ಮನೆ ಕಟ್ಟಿಕೊಂಡವರು. ಮಕ್ಕಳು ನ್ಯೂಜೆರ್ಸಿಯಲ್ಲೋ ದುಬೈಯಲ್ಲೋ ಇರುತ್ತಾರೆ. ಸಂಜೆ ಮೊಮ್ಮಗಳ ಮುಖ ತೋರಿಸಿದ ಫೋನಿನಲ್ಲೇ ಮರುದಿನ ಬೆಳಿಗ್ಗೆ ಖಾಕಿ ತೊಟ್ಟ ಅಪರಿಚಿತನೊಬ್ಬ ಕಾಣಿಸಿಕೊಳ್ಳಬಹುದು.

ಅವನ ಮಾತಿನ ಧಾಟಿ ಈಗ ಎಲ್ಲರಿಗೂ ಗೊತ್ತಿರುವಂಥದ್ದೇ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮ ಆಧಾರ್ ಸಂಖ್ಯೆ ಬಳಸಿ ಕಪ್ಪುಹಣ ಸಾಗಿಸಲಾಗಿದೆ, ನೀವು ‘ಡಿಜಿಟಲ್ ಅರೆಸ್ಟ್’ನಲ್ಲಿದ್ದೀರಿ, ಕ್ಯಾಮೆರಾದ ಎದುರಿನಿಂದ ಏಳುವಂತಿಲ್ಲ. ಭಾರತದ ಯಾವ ಕಾನೂನಿನಲ್ಲೂ ಇಂತಹದೊಂದು ಬಂಧನ ಇಲ್ಲ. ಆದರೂ ಜನ ನಂಬುತ್ತಾರೆ. ಓದು ಬರಹ ಬಾರದವರು ಮಾತ್ರ ಮೋಸ ಹೋಗುತ್ತಾರೆಂದು ತಿಳಿಯಬೇಕಿಲ್ಲ. 2024ರ ಕೊನೆಯಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಹೀಗೆ 11 ಕೋಟಿ ರೂಪಾಯಿಗೂ ಹೆಚ್ಚು ಕಳೆದುಕೊಂಡರು. 2025ರ ಮಾರ್ಚ್‌ನಲ್ಲಿ ಬೆಳಗಾವಿ ಜಿಲ್ಲೆಯ ವೃದ್ಧ ದಂಪತಿ ಇದೇ ಬೆದರಿಕೆಗೆ ಸಿಕ್ಕಿ ಪ್ರಾಣವನ್ನೇ ಕಳೆದುಕೊಂಡರು. ಸುಪ್ರೀಂ ಕೋರ್ಟ್ ತಾನಾಗಿಯೇ ಈ ಪಿಡುಗನ್ನು ವಿಚಾರಣೆಗೆ ಎತ್ತಿಕೊಂಡು, 2025ರ ಡಿಸೆಂಬರ್ 1ರಂದು ದೇಶದಾದ್ಯಂತದ ಇಂತಹ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಹೊರದೇಶಗಳಲ್ಲಿ ಕುಳಿತವರನ್ನು ಪತ್ತೆಹಚ್ಚಲು ಇಂಟರ್‌ಪೋಲ್ ನೆರವು ಕೋರುವಂತೆ ಹೇಳಿತು.

ಹಾಗಾಗಿ ಈಗ ಪತ್ರಿಕೆಗಳಲ್ಲಿ, ಸಭೆಗಳಲ್ಲಿ, ನಮ್ಮ ಬಡಾವಣೆಯ ಉದ್ಯಾನದ ಕಲ್ಲುಬೆಂಚಿನ ಮೇಲೂ ಒಂದೇ ಮಾತು: ಕಳ್ಳ ಹೊರದೇಶದಲ್ಲಿದ್ದಾನೆ, ದೇಶ ದೇಶಗಳು ಕೈಜೋಡಿಸಬೇಕು. ಮಾತು ಸರಿಯೇ. ಆದರೆ ಅಂತಾರಾಷ್ಟ್ರೀಯ ಕಾನೂನು ಸಹಕಾರ ಎಂದಾಗಲೆಲ್ಲ ನಮ್ಮ ಕಣ್ಣೆದುರು ಬರುವುದು ಕೈಕೋಳ ಮಾತ್ರ. ಹಿಡಿಯುವುದಕ್ಕಾಗಿ ಸಹಕಾರ, ಶಿಕ್ಷಿಸುವುದಕ್ಕಾಗಿ ಸಹಕಾರ. ಇಲ್ಲಿ ನಾವು ಕೇಳಬಯಸುವ ಪ್ರಶ್ನೆ ಬೇರೆ. ಸೈಬರ್ ಅಪರಾಧದಿಂದಾಗಿ ಪರದೇಶದ ಜೈಲಿನಲ್ಲಿ ಸಿಕ್ಕಿಬಿದ್ದ ನಿರಪರಾಧಿಗೆ ಯಾರು ಹೊಣೆ? ಅವನ ನಿರಪರಾಧಕ್ಕೆ ಸಾಕ್ಷ್ಯ ಮೂರನೆಯ ದೇಶವೊಂದರಲ್ಲಿದ್ದರೆ ಅದನ್ನು ತಂದುಕೊಡುವ ಋಣ ಯಾರ ಮೇಲಿದೆ? ಇದು ಪುಸ್ತಕದ ಪ್ರಶ್ನೆಯಲ್ಲ. ಮೈಸೂರಿನಿಂದ ಘಟ್ಟ ಇಳಿದರೆ ಇದನ್ನು ಅನುಭವಿಸಿದ ಎರಡು ಮನೆಗಳಿವೆ. ಆ ಕುಟುಂಬಗಳು ಸಾಕಷ್ಟು ನೊಂದಿರುವುದರಿಂದ ಇಲ್ಲಿ ಯಾರ ಹೆಸರನ್ನೂ ಬರೆಯುತ್ತಿಲ್ಲ.

ಮೊದಲನೆಯದು ಉಡುಪಿ ಜಿಲ್ಲೆಯದು. ಸೌದಿ ಅರೇಬಿಯಾದ ದಮ್ಮಾಮ್‌ನಲ್ಲಿ ಎಸಿ ತಂತ್ರಜ್ಞರಾಗಿ ದುಡಿಯುತ್ತಿದ್ದವರೊಬ್ಬರು 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ಗದ್ದಲದ ದಿನಗಳಲ್ಲಿ ಫೇಸ್‌ಬುಕ್‌ನಲ್ಲಿ ಏನನ್ನೋ ಹಂಚಿಕೊಂಡರು. ಅದಕ್ಕೆ ಆಕ್ಷೇಪ ಬಂತು. ಕ್ಷಮೆ ಕೇಳಿದರು, ತಮ್ಮ ಖಾತೆಯನ್ನೇ ನಿಷ್ಕ್ರಿಯಗೊಳಿಸಿದರು. ಅಷ್ಟರಲ್ಲಿ ಅವರದೇ ಹೆಸರಿನಲ್ಲಿ, ಅವರದೇ ಫೋಟೊದೊಂದಿಗೆ ಬೇರೊಂದು ಖಾತೆ ಹುಟ್ಟಿಕೊಂಡಿತು. ಅದರಲ್ಲಿ ಮಕ್ಕಾದ ಬಗೆಗೂ ಸೌದಿ ಯುವರಾಜರ ಬಗೆಗೂ ಹೀನ ಬರಹಗಳಿದ್ದವು. ಸೌದಿ ಪೊಲೀಸರು ಅವರನ್ನು ಬಂಧಿಸಿದರು. ಇತ್ತ ಅವರ ಪತ್ನಿ ಉಡುಪಿಯಲ್ಲಿ ದೂರು ಕೊಟ್ಟರು: ಆ ಖಾತೆ ನನ್ನ ಗಂಡನದಲ್ಲ. ಉಡುಪಿಯ ಪೊಲೀಸರು ಬೆನ್ನುಹತ್ತಿದರು. ಫೇಸ್‌ಬುಕ್‌ನಿಂದ ಬಂದ ವಿವರಗಳನ್ನು ಹಿಡಿದು ಹೋದಾಗ ಜಾಡು ಮುಟ್ಟಿದ್ದು ನಮ್ಮ ಕರಾವಳಿಯನ್ನೇ. 2020ರ ಅಕ್ಟೋಬರ್‌ನಲ್ಲಿ ಇಬ್ಬರು ಸಹೋದರರು ಬಂಧಿತರಾದರು. ಆ ತನಿಖೆಯ ಬಲದಿಂದಲೇ ದಮ್ಮಾಮ್‌ನ ಕೈದಿಗೆ ಬಿಡುಗಡೆಯ ದಾರಿ ತೆರೆಯಿತು. 2021ರ ಆಗಸ್ಟ್‌ನಲ್ಲಿ ಅವರು ಊರಿಗೆ ಬಂದರು. ಒಂದೂವರೆ ವರ್ಷಕ್ಕೂ ಮಿಕ್ಕಿದ ಸೆರೆವಾಸ ಮುಗಿದಿತ್ತು.

ಎರಡನೆಯದು ಮಂಗಳೂರಿನದು. ಸುಮಾರು 25 ವರ್ಷ ಸೌದಿಯಲ್ಲಿ ದುಡಿದವರು. ಅದೇ ಕಾಯ್ದೆಯ ಪರವಾಗಿ ಬರೆದರು, ಬೆದರಿಕೆ ಕರೆ ಬಂತು, ಖಾತೆ ಅಳಿಸಿದರು. ಅವರ ಹೆಸರಲ್ಲೂ ನಕಲಿ ಖಾತೆ ತಲೆಯೆತ್ತಿತು. ಅದರಲ್ಲಿ ಸೌದಿ ದೊರೆ ಮತ್ತು ಇಸ್ಲಾಮಿನ ನಿಂದನೆ. ಬಂಧನವಾಯಿತು, ಅಲ್ಲಿನ ನ್ಯಾಯಾಲಯ 15 ವರ್ಷ ಶಿಕ್ಷೆ ಕೊಟ್ಟಿತು. ಇಲ್ಲಿಯೂ ಪತ್ನಿ ಪೊಲೀಸರ ಬಳಿ ಹೋದರು, ಪೊಲೀಸರು ಫೇಸ್‌ಬುಕ್‌ಗೆ ಬರೆದರು. ಇಲ್ಲಿ ಉತ್ತರ ಬರಲಿಲ್ಲ. ತನಿಖೆ ನಿಂತಲ್ಲೇ ನಿಂತಿತು. 2021ರಲ್ಲಿ ಅವರು ಕರ್ನಾಟಕ ಹೈಕೋರ್ಟಿನ ಮೆಟ್ಟಿಲು ಹತ್ತಿದರು. 2023ರ ಜೂನ್‌ನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು, ಪೊಲೀಸರೊಂದಿಗೆ ಸಹಕರಿಸದಿದ್ದರೆ ಭಾರತದಲ್ಲಿ ಫೇಸ್‌ಬುಕ್‌ನ ವ್ಯವಹಾರವನ್ನೇ ಮುಚ್ಚಿಸುವ ಆದೇಶವನ್ನು ಪರಿಗಣಿಸಬೇಕಾದೀತು ಎಂದು ಕಂಪೆನಿಯನ್ನು ಎಚ್ಚರಿಸಿದರು. ಸೆರೆಯಾಗಿ ಆಗಲೇ ಮೂರು ವರ್ಷ ದಾಟಿತ್ತು.

ಎರಡೂ ಕಥೆಗಳ ಆರಂಭ ಒಂದೇ. ಒಂದೇ ಕರಾವಳಿ, ಒಂದೇ ಪರದೇಶ, ಒಂದೇ ಕಂಪೆನಿ, ಒಂದೇ ಬಗೆಯ ವಂಚನೆ. ಒಂದರಲ್ಲಿ ಕಂಪೆನಿಯ ದಾಖಲೆ ಸಿಕ್ಕಿತು, ಇನ್ನೊಂದರಲ್ಲಿ ಸಿಗಲಿಲ್ಲ. ಮನುಷ್ಯನೊಬ್ಬ ಊಟಕ್ಕೆ ಮನೆಗೆ ಬರುತ್ತಾನೋ ಇಲ್ಲವೋ ಎಂಬುದು ಕ್ಯಾಲಿಫೋರ್ನಿಯಾದ ಕಚೇರಿಯಿಂದ ಒಂದು ಉತ್ತರ ಬರುತ್ತದೋ ಇಲ್ಲವೋ ಎಂಬುದರ ಮೇಲೆ ನಿಂತುಬಿಟ್ಟಿತು.

ಇಲ್ಲಿ ನಾವು ತುಸು ನಿಲ್ಲಬೇಕು. ಸೆರೆಯಾದ ಇಬ್ಬರೂ ಹಿಂದೂಗಳು. ಉಡುಪಿ ಪ್ರಕರಣದಲ್ಲಿ ಬಂಧಿತರಾದ ಆರೋಪಿಗಳು ಮುಸ್ಲಿಮರು. ಅವರ ತಪ್ಪು ಒಪ್ಪನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ನಾವು ತೀರ್ಪುಗಾರರಲ್ಲ. ಆದರೆ ಆಗ ನಮ್ಮವರ ನಡುವೆ ಕೇಳಿಬಂದ ಪಿಸುಮಾತುಗಳು ನೆನಪಿವೆ. ‘ಅವನು ಮೊದಲು ಬರೆದದ್ದೇನು ಕಡಿಮೆಯೇ?’ ‘ಅನುಭವಿಸಲಿ ಬಿಡಿ.’ ಆ ಇಬ್ಬರೂ ಪೌರತ್ವ ಕಾಯ್ದೆಯ ಕುರಿತು ಬರೆದದ್ದನ್ನು ನಾವು ಒಪ್ಪುವುದಿಲ್ಲ. ಒಪ್ಪುವುದು ಬಿಡುವುದು ಇಲ್ಲಿಯ ಪ್ರಶ್ನೆಯೇ ಅಲ್ಲ. ಬರೆದದ್ದಕ್ಕೆ ಉತ್ತರ ಬರೆಯಬಹುದಿತ್ತು. ಬರೆಯದೇ ಇದ್ದುದನ್ನು ಒಬ್ಬನ ಬಾಯಿಗೆ ತುರುಕಿ, ಅದಕ್ಕೆ ಉಗ್ರ ಶಿಕ್ಷೆಯಿರುವ ನಾಡಿನಲ್ಲಿ ಅವನನ್ನು ಒಪ್ಪಿಸಿಬಿಡುವುದು ಸುಳ್ಳುಸಾಕ್ಷ್ಯವೇ ಸರಿ. ಪ್ರವಾದಿಯ ಮತ್ತು ಮಕ್ಕಾದ ಗೌರವ ಕಾಯುವ ಹೆಸರಿನಲ್ಲಿ ಮಕ್ಕಾದ ನಿಂದನೆಯನ್ನು ತಾನೇ ಟೈಪ್ ಮಾಡಿದವನ ಮನಸ್ಸು ಎಂತಹದಿರಬೇಕು? ಸಾಕ್ಷ್ಯ ಹೇಳುವಾಗ ತನ್ನವರ ವಿರುದ್ಧವಾದರೂ ನೇರ ನಿಲ್ಲಬೇಕೆಂಬುದು ನಾವು ಬಾಲ್ಯದಿಂದ ಕೇಳಿದ ಪಾಠ. ಅದು ಶುಕ್ರವಾರದ ಪ್ರವಚನಕ್ಕೆ ಮಾತ್ರ ಸೀಮಿತವಲ್ಲವಷ್ಟೇ?

ಇನ್ನು ಮೂಲ ಪ್ರಶ್ನೆ. ಸೈಬರ್ ಯುಗದಲ್ಲಿ ಆರೋಪ ಮತ್ತು ನಿರಪರಾಧ ಎರಡೂ ಒಂದೇ ತೂಕದವಲ್ಲ. ಆರೋಪಕ್ಕೆ ಬೇಕಾದ ಸಾಕ್ಷ್ಯ ಪರದೆಯ ಮೇಲೇ ಇರುತ್ತದೆ. ಒಂದು ಸ್ಕ್ರೀನ್‌ಶಾಟ್ ಸಾಕು. ಯಾರೂ ತೆಗೆಯಬಹುದು, ಯಾರಿಗೂ ಕಳುಹಿಸಬಹುದು, ಅರ್ಧ ಗಳಿಗೆಯಲ್ಲಿ ಮಂಗಳೂರಿನಿಂದ ರಿಯಾದ್ ತಲುಪುತ್ತದೆ. ನಿರಪರಾಧಕ್ಕೆ ಬೇಕಾದ ಸಾಕ್ಷ್ಯ ಪರದೆಯ ಹಿಂದೆ, ಕಂಪೆನಿಯ ಸರ್ವರ್‌ನಲ್ಲಿ ಇರುತ್ತದೆ. ಆ ಖಾತೆ ಯಾವ ದಿನ, ಯಾವ ಗಂಟೆಗೆ, ಯಾವ ಐಪಿ ವಿಳಾಸದಿಂದ, ಯಾವ ಫೋನ್ ಸಂಖ್ಯೆ ಕೊಟ್ಟು ತೆರೆದದ್ದು ಎಂಬ ಕೆಲವೇ ಸಾಲುಗಳು. ಅವನ್ನು ಕಾಣಬಲ್ಲವರು ಕಂಪೆನಿಯವರು ಮಾತ್ರ. ನ್ಯಾಯಶಾಸ್ತ್ರ ನಮಗೆ ಹೇಳಿಕೊಟ್ಟದ್ದು, ಆರೋಪ ಹೊರಿಸಿದವನೇ ಅದನ್ನು ಸಾಬೀತು ಮಾಡಬೇಕೆಂದು. ಹಳೆಯ ಕಾಲದಲ್ಲಿ ಆರೋಪಿ ಕೊನೆಗೆ ‘ಆ ದಿನ ನಾನು ಬೇರೆ ಊರಲ್ಲಿದ್ದೆ’ ಎಂದಾದರೂ ಹೇಳಬಹುದಿತ್ತು. ನೆಂಟರು, ಬಸ್ಸಿನ ಕಂಡಕ್ಟರು, ಹೋಟೆಲಿನವರು ಹೌದೆನ್ನುತ್ತಿದ್ದರು. ಅಂತರಜಾಲದಲ್ಲಿ ಮನುಷ್ಯ ಎಲ್ಲ ಊರಲ್ಲೂ ಇರಬಲ್ಲನಾದ್ದರಿಂದ ಆ ಮಾತಿಗೆ ಬೆಲೆಯಿಲ್ಲ.

ಆ ಕೆಲವು ಸಾಲುಗಳು ಯಾರ ಸೊತ್ತು? ಕಂಪೆನಿ ನಮ್ಮದೆನ್ನುತ್ತದೆ. ಸರಕಾರ, ತನಿಖೆಗೆ ಬೇಕಾದಾಗ ನಮ್ಮದೆನ್ನುತ್ತದೆ. ನಮಗೆ ಒಂದು ಹಳೆಯ ಶಬ್ದ ನೆನಪಾಗುತ್ತದೆ: ಅಮಾನತ್. ಅರಬಿಯಲ್ಲಿ ಅದರರ್ಥ, ನಂಬಿ ಒಪ್ಪಿಸಿದ ವಸ್ತು. ಇಟ್ಟುಕೊಂಡವನು ಅದರ ಒಡೆಯನಲ್ಲ. ಒಡೆಯ ಕೇಳಿದಾಗ ಕೊಡಲೇಬೇಕು. ಒಡೆಯ ಒಳ್ಳೆಯವನೇ ಕೆಟ್ಟವನೇ, ನಮ್ಮವನೇ ಹೊರಗಿನವನೇ ಎಂದು ನೋಡುವಂತಿಲ್ಲ. ಅದೇ ಶಬ್ದ ಕನ್ನಡಕ್ಕೆ ಬಂದು ಠೇವಣಿಯೂ ಆಯಿತು, ನೌಕರನನ್ನು ಕೆಲಸದಿಂದ ತಡೆಹಿಡಿಯುವ ‘ಅಮಾನತು’ ಕೂಡ ಆಯಿತು. ಮಂಗಳೂರಿನ ಆ ಕುಟುಂಬದ ದಾಖಲೆ ಎರಡನೆಯ ಅರ್ಥದಲ್ಲಿ ಅಮಾನತಿನಲ್ಲಿತ್ತು. ಅದನ್ನು ಮೊದಲನೆಯ ಅರ್ಥದಲ್ಲಿ ನೋಡಬೇಕೆಂಬುದು ನಮ್ಮ ವಾದ. ಒಬ್ಬನ ಹೆಸರು, ಮುಖ ಬಳಸಿ ತೆರೆದ ಖಾತೆಯ ಹುಟ್ಟಿನ ವಿವರ, ಆ ಹೆಸರಿನವನು ಸೆರೆಮನೆಯಲ್ಲಿರುವಾಗ, ಅವನಿಗೆ ಸಲ್ಲಬೇಕಾದ ಅಮಾನತ್ತು.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಖಾತೆ ತನ್ನದಲ್ಲವೆಂದು ಹೇಳುವವನು ಅದರ ದಾಖಲೆ ತನ್ನದೆಂದು ಕೇಳುವುದು ಹೇಗೆ? ತನ್ನದಲ್ಲದಿದ್ದರೆ ಅದು ಇನ್ನೊಬ್ಬನದು, ಆ ಇನ್ನೊಬ್ಬನಿಗೂ ಖಾಸಗಿತನವಿದೆ. ಈ ಗಂಟನ್ನು ಬಿಡಿಸುವುದು ಅಸಾಧ್ಯವೇನಲ್ಲ. ಸೆರೆಯಲ್ಲಿರುವವನಿಗೆ ಬೇಕಾದದ್ದು ಆ ಇನ್ನೊಬ್ಬ ಯಾರು ಎಂಬುದಲ್ಲ, ತಾನಲ್ಲ ಎಂಬುದಷ್ಟೇ. ದಮ್ಮಾಮ್‌ನಲ್ಲಿದ್ದವನ ಹೆಸರಿನ ಖಾತೆಯನ್ನು ಕರ್ನಾಟಕದಿಂದ ತೆರೆಯಲಾಗಿದೆ ಎಂಬ ಒಂದು ದೃಢೀಕೃತ ವಾಕ್ಯ ಸಾಕು. ಅದರಲ್ಲಿ ಯಾರ ಗುಟ್ಟೂ ಹೊರಬೀಳುವುದಿಲ್ಲ. ವಿಪಿಎನ್ ಬಳಸಿ ಜಾಗ ಮರೆಮಾಚಬಹುದು, ಐಪಿ ವಿಳಾಸವೊಂದೇ ಕೊನೆಯ ಮಾತಲ್ಲ ಎಂಬುದು ನಿಜ. ಆದರೆ ಸ್ಕ್ರೀನ್‌ಶಾಟನ್ನು ಕೊನೆಯ ಮಾತೆಂದು ಒಪ್ಪುವ ಜಗತ್ತು ಇದನ್ನು ಮೊದಲ ಮಾತೆಂದಾದರೂ ಕೇಳಬೇಡವೇ?

ಹಾಗಾದರೆ ಅದು ಯಾಕೆ ಬರುವುದಿಲ್ಲ? ಕಾಗದದ ಮೇಲೆ ನಮ್ಮ ಕಾನೂನು ಬಹುದೂರ ಚಾಚಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, ಭಾರತದಲ್ಲಿರುವ ಕಂಪ್ಯೂಟರಿಗೆ ಸಂಬಂಧಿಸಿದ ಅಪರಾಧವನ್ನು ಯಾವ ದೇಶದವನು ಎಲ್ಲಿಂದ ಮಾಡಿದರೂ ಅದು ನಮ್ಮ ಕಾನೂನಿನ ವ್ಯಾಪ್ತಿಗೆ ಬರುತ್ತದೆ. ದೇಶದ ಮೊದಲ ಸೈಬರ್ ಕ್ರೈಂ ಪೊಲೀಸ್ ಠಾಣೆ 2001ರಲ್ಲಿ ತೆರೆದದ್ದು ನಮ್ಮ ಬೆಂಗಳೂರಿನಲ್ಲಿ. ಆದರೆ ಠಾಣೆಯಿಂದ ಹೊರಟ ಪತ್ರ ಗಡಿ ದಾಟಬೇಕಾದರೆ ಅದರ ದಾರಿಯೇ ಬೇರೆ. ನ್ಯಾಯಾಲಯದ ಕೋರಿಕೆ ಪತ್ರ ಬೇಕು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 166ಎ ಇದ್ದದ್ದು 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 112ನೇ ಸೆಕ್ಷನ್ ಆಗಿದೆ. ಪತ್ರ ದೆಹಲಿಯ ಗೃಹ ಸಚಿವಾಲಯಕ್ಕೆ ಹೋಗಬೇಕು, ಅಲ್ಲಿಂದ ಆ ದೇಶದ ಅಧಿಕಾರಿಗಳಿಗೆ, ಅವರಿಂದ ಅಲ್ಲಿನ ನ್ಯಾಯಾಲಯಕ್ಕೆ, ಕೊನೆಗೆ ಕಂಪೆನಿಗೆ. ಬಂದ ದಾರಿಯಲ್ಲೇ ಉತ್ತರ ಮರಳಬೇಕು. ಖಾತೆ ತೆರೆದವರಾರೆಂಬ ಮೇಲ್ಮೈ ವಿವರಗಳನ್ನು ಅಮೆರಿಕದ ಕಂಪೆನಿಗಳು ಬೇಕೆಂದರೆ ನೇರವಾಗಿಯೇ ಕೊಡಬಹುದು. ಸಂದೇಶಗಳ ಒಳಗಿನ ವಿಷಯವನ್ನು ಮಾತ್ರ ಅಲ್ಲಿನ 1986ರ ಕಾಯ್ದೆಯ ಪ್ರಕಾರ ಅಲ್ಲಿನ ನ್ಯಾಯಾಲಯದ ವಾರಂಟ್ ಇಲ್ಲದೆ ಕೊಡುವಂತಿಲ್ಲ. ಅಂದರೆ ಮೇಲ್ಮೈ ವಿವರ ಕೊಡುವುದು ಬಿಡುವುದು ಕಂಪೆನಿಯ ಮರ್ಜಿ. ಉಡುಪಿಗೂ ಮಂಗಳೂರಿಗೂ ಇದ್ದ ವ್ಯತ್ಯಾಸ ಈ ಮರ್ಜಿಯದೇ ಎಂದು ನಮಗನಿಸುತ್ತದೆ.

ಸಮಯವೂ ಕಾಯುವುದಿಲ್ಲ. ತನಿಖಾಧಿಕಾರಿಗಳು ಕೋರಿದರೆ ಖಾತೆಯ ದಾಖಲೆಗಳನ್ನು ಅಳಿಯದಂತೆ 90 ದಿನ ಕಾದಿಡುತ್ತೇವೆ ಎಂಬುದು ಫೇಸ್‌ಬುಕ್‌ನ ನಿಯಮ. 90 ದಿನದಲ್ಲಿ ದೆಹಲಿಯ ಕಡತ ಎಷ್ಟು ಮೇಜು ದಾಟುತ್ತದೆಂದು ಸರಕಾರಿ ಕಚೇರಿಯಲ್ಲಿ ದುಡಿದ ಕುವೆಂಪುನಗರದ ಯಾವ ಹಿರಿಯರನ್ನು ಕೇಳಿದರೂ ಹೇಳಿಯಾರು.

ಇನ್ನೂ ಒಂದು ಸಂಗತಿ ಹೆಚ್ಚಿನವರಿಗೆ ತಿಳಿಯದು. ಭಾರತ ಮತ್ತು ಅಮೆರಿಕದ ನಡುವೆ ಪರಸ್ಪರ ಕಾನೂನು ನೆರವಿನ ಒಪ್ಪಂದಕ್ಕೆ 2001ರಲ್ಲಿ ಸಹಿಯಾಗಿ 2005ರಲ್ಲಿ ಜಾರಿಗೆ ಬಂತು. ಅಮೆರಿಕ ನಾನಾ ದೇಶಗಳೊಂದಿಗೆ ಮಾಡಿಕೊಳ್ಳುವ ಇಂತಹ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ಇದು ಸರಕಾರಗಳ ನಡುವಿನ ನೆರವು, ಖಾಸಗಿ ವ್ಯಕ್ತಿಗೆ ಇದರಿಂದ ಸಾಕ್ಷ್ಯ ಪಡೆಯುವ ಹಕ್ಕು ಹುಟ್ಟುವುದಿಲ್ಲ. ಅಂದರೆ ಆರೋಪ ಹೊರಿಸುವ ಸರಕಾರಕ್ಕೆ ಬಾಗಿಲು ಇದೆ, ಆರೋಪ ಹೊತ್ತವನಿಗೆ ಇಲ್ಲ. ಅವನಿಗೆ ಬೇಕಾದ ಕಾಗದ ಅವನ ಸರಕಾರ ಮನಸ್ಸು ಮಾಡಿದರೆ ಮಾತ್ರ ಬರುತ್ತದೆ. ಮಂಗಳೂರಿನ ಆ ತಾಯಿ ಹೈಕೋರ್ಟಿಗೆ ಹೋಗಬೇಕಾಯಿತು. ಸರಕಾರ ಮನಸ್ಸು ಮಾಡಲಿ ಎಂದು ಕೇಳಲಿಕ್ಕೆ ಬೇರೆ ಜಾಗ ಅವರಿಗಿರಲಿಲ್ಲ. ಶಿಕ್ಷಿಸಲು ಮಾತ್ರ ಗಡಿ ದಾಟಬಲ್ಲ, ಬಿಡಿಸಲು ದಾಟಲಾರದ ಕಾನೂನನ್ನು ನಾವು ಸಹಕಾರವೆಂದು ಕರೆಯುತ್ತಿದ್ದೇವೆ.

ಬಾಗಿಲು ತೆರೆಯದಿದ್ದಾಗ ನ್ಯಾಯಾಲಯಗಳಿಗೂ ಸಿಟ್ಟು ಬರುತ್ತದೆ. 2025ರ ಏಪ್ರಿಲ್ 29ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಸ್ವಿಟ್ಜರ್ಲೆಂಡಿನ ಪ್ರೋಟಾನ್ ಮೇಲ್ ಎಂಬ ಇಮೇಲ್ ಸೇವೆಯನ್ನು ಭಾರತದಲ್ಲಿ ನಿರ್ಬಂಧಿಸುವ ಪ್ರಕ್ರಿಯೆ ಆರಂಭಿಸುವಂತೆ ಕೇಂದ್ರಕ್ಕೆ ನಿರ್ದೇಶಿಸಿದರು. ಸಂಸ್ಥೆಯೊಂದರ ಮಹಿಳಾ ಉದ್ಯೋಗಿಗಳ ಬಗ್ಗೆ ಅಶ್ಲೀಲ ಬರಹ, ಕೃತಕವಾಗಿ ತಯಾರಿಸಿದ ಚಿತ್ರಗಳು ಆ ಮೇಲ್‌ನಿಂದ ಬಂದಿದ್ದವು. ಕಳುಹಿಸಿದವನು ಯಾರೆಂದು ಪೊಲೀಸರಿಗೆ ತಿಳಿಯಲಿಲ್ಲ. ಆ ಹೆಣ್ಣುಮಕ್ಕಳ ಸಂಕಟ ಸಣ್ಣದಲ್ಲ. ಆದರೆ ಕಂಪೆನಿಯವರ ಉತ್ತರದಲ್ಲೂ ಹುರುಳಿದೆ: ಹೊರದೇಶದ ಪೊಲೀಸರಿಗೆ ನೇರವಾಗಿ ಮಾಹಿತಿ ಕೊಟ್ಟರೆ ಸ್ವಿಸ್ ದಂಡ ಸಂಹಿತೆಯ 271ನೇ ವಿಧಿಯನ್ನು ಮೀರಿದಂತಾಗುತ್ತದೆ, ಸ್ವಿಸ್ ಸರಕಾರದ ಮೂಲಕ ಬನ್ನಿ. ಮುಚ್ಚಿಸುತ್ತೇವೆ ಎಂಬ ಎರಡು ಎಚ್ಚರಿಕೆಗಳೂ, 2023ರದು ಮತ್ತು 2025ರದು, ನಮ್ಮದೇ ಹೈಕೋರ್ಟಿನಿಂದ ಬಂದವು. ನೊಂದವರ ಕುರಿತ ಕಾಳಜಿಯಿಂದ ಬಂದವು ಎಂಬುದರಲ್ಲಿ ಅನುಮಾನವಿಲ್ಲ. ಆದರೂ, ಅಂಚೆಯವನು ಕಾಗದ ತರಲಿಲ್ಲವೆಂದು ಅಂಚೆ ಕಚೇರಿಗೆ ಬೀಗ ಹಾಕಿದರೆ ಮರುದಿನದ ಕಾಗದ ಯಾವ ದಾರಿಯಲ್ಲಿ ಬರಬೇಕು?

ಹಾಗಾದರೆ ಎಲ್ಲ ದೇಶಗಳೂ ಒಂದೇ ಒಪ್ಪಂದಕ್ಕೆ ಸೇರಿದರೆ ಆಯಿತಲ್ಲ ಎನ್ನುವವರಿದ್ದಾರೆ. 2001ರ ನವೆಂಬರ್ 23ರಂದು ಬುಡಾಪೆಸ್ಟ್‌ನಲ್ಲಿ ಸಹಿಗೆ ತೆರೆದ ಐರೋಪ್ಯ ಮಂಡಳಿಯ ಒಡಂಬಡಿಕೆ 2004ರಿಂದ ಜಾರಿಯಲ್ಲಿದೆ. ಭಾರತ ಅದಕ್ಕೆ ಸೇರಿಲ್ಲ. ಕರಡು ಬರೆಯುವಾಗ ನಮ್ಮನ್ನು ಕೇಳಲಿಲ್ಲ, ಗಡಿಯಾಚೆಯಿಂದ ದತ್ತಾಂಶಕ್ಕೆ ಕೈಹಾಕಲು ಅದು ಬಿಡುತ್ತದೆ ಎಂಬವು ನಮ್ಮ ಹಳೆಯ ತಕರಾರುಗಳು. ಈಗ ವಿಶ್ವಸಂಸ್ಥೆಯದೇ ಒಂದು ಒಡಂಬಡಿಕೆ ಬಂದಿದೆ. 2024ರ ಡಿಸೆಂಬರ್ 24ರಂದು ಮಹಾಸಭೆ ಅಂಗೀಕರಿಸಿತು. 2025ರ ಅಕ್ಟೋಬರ್‌ನಲ್ಲಿ ವಿಯೆಟ್ನಾಂನ ಹನೋಯಿಯಲ್ಲಿ ಅರವತ್ತಕ್ಕೂ ಹೆಚ್ಚು ದೇಶಗಳು ಸಹಿ ಹಾಕಿದವು. 40 ದೇಶಗಳು ಅನುಮೋದಿಸಿದ ಮೇಲೆ ಜಾರಿಗೆ ಬರಬೇಕು.

ಇದನ್ನು ಓದುವಾಗ ನಮ್ಮನ್ನು ತಡೆದು ನಿಲ್ಲಿಸಿದ್ದು ‘ಗಂಭೀರ ಅಪರಾಧ’ ಎಂಬ ಮಾತು. ಗರಿಷ್ಠ ಶಿಕ್ಷೆ ನಾಲ್ಕು ವರ್ಷ ಅಥವಾ ಅದಕ್ಕಿಂತ ಹೆಚ್ಚಿರುವ ಯಾವುದೇ ಅಪರಾಧ ಗಂಭೀರ ಅಪರಾಧ. ಅಂತಹದಕ್ಕೆಲ್ಲ ಎಲೆಕ್ಟ್ರಾನಿಕ್ ಸಾಕ್ಷ್ಯ ಹಂಚಿಕೊಳ್ಳಲು ನೆರವಾಗಬೇಕು. ಯಾವುದು ಅಪರಾಧ, ಶಿಕ್ಷೆ ಎಷ್ಟು ಎಂದು ಹೇಳುವುದು ಆಯಾ ದೇಶವೇ. ಸೌದಿಯ 2007ರ ಸೈಬರ್ ಕಾನೂನಿನ ಪ್ರಕಾರ ಸಾರ್ವಜನಿಕ ಶಾಂತಿ, ಧಾರ್ಮಿಕ ಮೌಲ್ಯಗಳಿಗೆ ಧಕ್ಕೆ ತರುವ ಬರಹಕ್ಕೆ ಐದು ವರ್ಷದವರೆಗೆ ಸೆರೆವಾಸವಿದೆ. ಅಳತೆಗೋಲು ಹೀಗಿದ್ದರೆ ನಿಂದನೆಯೂ ಗಂಭೀರ, ದೊರೆಯ ಟೀಕೆಯೂ ಗಂಭೀರ. ಒಂದು ನಾಡಿನಲ್ಲಿ ಪತ್ರಿಕೆಯ ಸಂಪಾದಕೀಯವಾಗಬಹುದಾದದ್ದು ಇನ್ನೊಂದರಲ್ಲಿ ಸೆರೆಮನೆಯ ದಾರಿ. ಯಾವುದು ಅಪರಾಧ ಎಂಬುದರಲ್ಲೇ ಒಮ್ಮತವಿಲ್ಲದವರು ಅಪರಾಧಿಯನ್ನು ಹಿಡಿಯಲು ಕೈಜೋಡಿಸಿದರೆ ಮೊದಲು ಸಿಕ್ಕಿಬೀಳುವವನು ಕಳ್ಳನಾಗಿರಬೇಕೆಂದಿಲ್ಲ. ಧರ್ಮ, ಜನಾಂಗ, ರಾಜಕೀಯ ಅಭಿಪ್ರಾಯಕ್ಕಾಗಿ ಶಿಕ್ಷಿಸಲೆಂದು ಕೋರಿಕೆ ಬಂದಿದೆಯೆಂದು ನಂಬಲು ಕಾರಣವಿದ್ದರೆ ನೆರವು ನಿರಾಕರಿಸಬಹುದೆಂಬ ವಿಧಿಯೂ ಅದರಲ್ಲಿದೆ. ಒಳ್ಳೆಯದು. ಆದರೆ ನಿರಾಕರಿಸುವ ಸ್ವಾತಂತ್ರ್ಯವೂ ಸರಕಾರದ್ದೇ.

ಇಲ್ಲಿಯೇ ಅಮಾನತ್ತಿನ ಮಾತು ಉಪಯೋಗಕ್ಕೆ ಬರುತ್ತದೆಂದು ನಾವು ತಿಳಿದಿದ್ದೇವೆ. ಶಿಕ್ಷಿಸಲು ಕೇಳುವ ಸಾಕ್ಷ್ಯವನ್ನೂ ಬಿಡಿಸಲು ಕೇಳುವ ಸಾಕ್ಷ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಮೊದಲನೆಯದಕ್ಕೆ ಎಷ್ಟು ಬಾಗಿಲು, ಎಷ್ಟು ಕಾವಲು ಇದ್ದರೂ ಒಳ್ಳೆಯದೇ. ಎರಡೂ ದೇಶಗಳಲ್ಲಿ ಅದು ಅಪರಾಧವೇ, ಅಲ್ಲಿ ನ್ಯಾಯಯುತ ವಿಚಾರಣೆ ಇದೆಯೇ, ಎಲ್ಲವನ್ನೂ ನೋಡಿಯೇ ಕೊಡಲಿ. ಎರಡನೆಯದಕ್ಕೆ ಈ ಪ್ರಶ್ನೆಗಳೇ ಹುಟ್ಟುವುದಿಲ್ಲ. ಕೇಳುತ್ತಿರುವವನು ತನ್ನ ಹೆಸರಿನ ಬಗ್ಗೆಯೇ ಕೇಳುತ್ತಿದ್ದಾನೆ. ಕೊಟ್ಟರೆ ಯಾವ ದೊರೆಯ ಕೈಯೂ ಬಲವಾಗುವುದಿಲ್ಲ. ಇದಕ್ಕೆ ಸರಕಾರದ ಮರ್ಜಿಯೂ ಬೇಡ, ಕಂಪೆನಿಯ ಮರ್ಜಿಯೂ ಬೇಡ, ಹಕ್ಕಾಗಿ ಸಿಗಬೇಕು.

ಕುವೆಂಪುನಗರದ ಫೋನಿಗೆ ಬಂದ ಆ ಖಾಕಿಯ ಮುಖಕ್ಕೂ ಈ ಮಾತು ತಗಲುತ್ತದೆ. ಕಾಂಬೋಡಿಯ, ಲಾವೋಸ್, ಮ್ಯಾನ್ಮಾರ್‌ಗಳಲ್ಲಿ ಮುಳ್ಳುತಂತಿಯೊಳಗಿನ ವಂಚನೆಯ ಕೇಂದ್ರಗಳಿವೆ. ಥಾಯ್ಲೆಂಡಿನಲ್ಲಿ ಒಳ್ಳೆಯ ಸಂಬಳದ ಕೆಲಸವೆಂದು ಕರೆದೊಯ್ದು, ಪಾಸ್‌ಪೋರ್ಟ್ ಕಿತ್ತುಕೊಂಡು, ಹೊಡೆದು ಬಡಿದು ಫೋನಿನ ಮುಂದೆ ಕೂರಿಸುತ್ತಾರೆ. 2025ರ ಮಾರ್ಚ್ 10ರಂದು ವಾಯುಪಡೆಯ ವಿಮಾನದಲ್ಲಿ ಥಾಯ್ಲೆಂಡಿನ ಮೇ ಸೋಟ್‌ನಿಂದ 283 ಭಾರತೀಯರನ್ನು ಕರೆತರಲಾಯಿತು. ಮ್ಯಾನ್ಮಾರ್‌ನ ಕೇಂದ್ರಗಳಿಂದ ಬಿಡಿಸಿದವರು ಅವರು. ನಮ್ಮ ನಿವೃತ್ತ ಮೇಷ್ಟ್ರನ್ನು ಹೆದರಿಸಿದ ಧ್ವನಿ ಸ್ವತಃ ಹೆದರಿದ ಹುಡುಗನೊಬ್ಬನದಾಗಿರಬಹುದು. ಅವನು ಅಪರಾಧಿಯೇ, ಬಲಿಪಶುವೇ? ಎರಡೂ ಆಗಿರಬಹುದು. ಅವನನ್ನು ಹಿಡಿದ ಪೊಲೀಸರಿಗೆ ಈ ವ್ಯತ್ಯಾಸ ತಿಳಿಯಬೇಕಾದರೆ ಅವನು ಯಾವ ಏಜೆಂಟನ ಮೂಲಕ ಹೋದ, ಯಾವಾಗ ಪಾಸ್‌ಪೋರ್ಟ್ ಕಳೆದುಕೊಂಡ, ಮನೆಗೆ ಕಳುಹಿಸಿದ ಸಂದೇಶದಲ್ಲಿ ಏನಿತ್ತು ಎಂಬೆಲ್ಲ ಸಾಕ್ಷ್ಯ ನಾಲ್ಕು ದೇಶಗಳಿಂದ ಬರಬೇಕು. ಬರದಿದ್ದರೆ ಅವನು ಬರಿಯ ಆರೋಪಿ.

ದೊಡ್ಡ ಒಡಂಬಡಿಕೆಗಳು ಬರುವಾಗ ಬರಲಿ. ಸಣ್ಣ ಕೆಲಸಗಳಿವೆ. ಗಲ್ಫಿನಲ್ಲಿರುವ ನಮ್ಮವರ ಹೆಸರಲ್ಲಿ ನಕಲಿ ಖಾತೆ ಕಂಡ ದಿನವೇ ಮನೆಯವರು ಹತ್ತಿರದ ಸಿಇಎನ್ ಠಾಣೆಯಲ್ಲಿ ಲಿಖಿತ ದೂರು ಕೊಡಬೇಕು. ಖಾತೆಯ ಪೂರ್ಣ ಕೊಂಡಿಯನ್ನು ಬರೆದಿಟ್ಟುಕೊಳ್ಳಬೇಕು. ಸ್ಕ್ರೀನ್‌ಶಾಟ್ ಒಂದೇ ಸಾಲದು. ದಾಖಲೆ ಅಳಿಯದಂತೆ ಕಾದಿಡಲು ಕಂಪೆನಿಗೆ ಆ ವಾರವೇ ಬರೆಯುವಂತೆ ಪೊಲೀಸರನ್ನು ಕೇಳಬೇಕು, 90 ದಿನ ಮುಗಿಯುವ ಮೊದಲು ಮತ್ತೆ ನೆನಪಿಸಬೇಕು. ಇದನ್ನೆಲ್ಲ ಒಂಟಿ ಹೆಂಗಸೊಬ್ಬಳು ಮಾಡಬೇಕಾದಾಗ ಜೊತೆಗೆ ಹೋಗುವವರು ಬೇಕು. ನಮ್ಮ ಜಮಾಅತ್‌ಗಳು, ಗಲ್ಫಿನ ಕನ್ನಡ ಸಂಘಗಳು ಆ ಕೆಲಸಕ್ಕೆ ಮುಂದಾಗಬಹುದು. ಹೋಗುವಾಗ ಅವಳು ಯಾರ ಮನೆಯವಳೆಂದು ನೋಡಬೇಕಿಲ್ಲ.

ಕೊನೆಗೆ ಕಾಗದ ಸಿಕ್ಕಿದರೂ ಅದು ಅಲ್ಲಿ ನಡೆಯಬೇಕಲ್ಲ. ಉಡುಪಿಯ ಪ್ರಕರಣದ ಕಾಲದಲ್ಲಿ ಭಾರತದ ಸಾರ್ವಜನಿಕ ದಾಖಲೆಯನ್ನು ಸೌದಿಯ ಕಚೇರಿಯಲ್ಲಿ ಒಪ್ಪಬೇಕಾದರೆ ಇಲ್ಲಿನ ಅಧಿಕಾರಿಗಳ ದೃಢೀಕರಣ, ವಿದೇಶಾಂಗ ಸಚಿವಾಲಯದ ಮೊಹರು, ಆಮೇಲೆ ಸೌದಿ ರಾಯಭಾರ ಕಚೇರಿಯ ಮೊಹರು ಎಂದು ಒಂದರ ಹಿಂದೆ ಒಂದು ಬೇಕಿತ್ತು. ಇಂತಹ ದಾಖಲೆಗಳನ್ನು ಒಂದೇ ಮೊಹರಿನಲ್ಲಿ ಮುಗಿಸುವ ‘ಅಪೊಸ್ಟೀಲ್’ ಎಂಬ ಒಪ್ಪಂದ 1961ರಿಂದಲೇ ಇದೆ. ಭಾರತದಲ್ಲಿ ಅದು 2005ರಿಂದ ನಡೆಯುತ್ತಿದೆ. ಸೌದಿ ಅರೇಬಿಯಾದಲ್ಲಿ ಜಾರಿಗೆ ಬಂದದ್ದು 2022ರ ಡಿಸೆಂಬರ್ 7ರಂದು. ಇದಕ್ಕಾಗಿ ಯಾರೂ ಸಮ್ಮೇಳನ ನಡೆಸಲಿಲ್ಲ, ಪತ್ರಿಕೆಗಳಲ್ಲಿ ಸುದ್ದಿಯೂ ಆಗಲಿಲ್ಲ. ಇನ್ನು ಮುಂದೆ ಕರಾವಳಿಯ ಠಾಣೆಯಿಂದ ಅಂತಹ ಕಡತವೊಂದು ಹೊರಟರೆ ಅದರ ದಾರಿಯಲ್ಲಿ ಎರಡು ಮೇಜು ಕಡಿಮೆ.